ಕಲ್ಲುಕ್ವಾರಿಯ ಹುಲ್ಲು ಪರೀಕ್ಷೆಗೆ ಕೂತ ದಿನ

ಕಾರ್ತಿಕದ ಒಂದು ಗುರುವಾರ, ಬೆಳಗ್ಗೆ ಏಳೂಕಾಲಿಗೆ ವಿದ್ಯಾರಣ್ಯಪುರದಲ್ಲಿ ಯಲಹಂಕದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹೆಗಲಲ್ಲಿ ಬಟ್ಟೆ ಚೀಲ. ಅದರೊಳಗೆ ನೀರಿನ ಬಾಟಲಿ, ಛತ್ರಿ, ಒಂದು ಭೂತಗನ್ನಡಿ, ಬೀಜ ತುಂಬಿಕೊಳ್ಳಲು ಹತ್ತಾರು ಹಳೆಯ ಲಕೋಟೆ. ಹೊರಟದ್ದು ಕಾಶಿಗೂ ಅಲ್ಲ, ಕೇದಾರಕ್ಕೂ ಅಲ್ಲ. ಬಾಗಲೂರು ದಾಟಿ ನಾಲ್ಕು ಕಿಲೋಮೀಟರ್ ಆಚೆ ಇರುವ ಒಂದು ಕಲ್ಲುಕ್ವಾರಿಗೆ. ಅಲ್ಲಿ ಕಲ್ಲು ತೆಗೆಯುವುದು ನಿಂತು ಎಷ್ಟೋ ವರ್ಷವಾಯಿತು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಭಾನುವಾರ ಬೈಕಿನಲ್ಲಿ ಬಂದು ಗುಂಡಿಯ ಅಂಚಿನಲ್ಲಿ ಸೆಲ್ಫಿ ತೆಗೆಯುವವರ ಪಾಪ ನನಗೆ ಸುತ್ತಿಕೊಳ್ಳುತ್ತದೆ.

ನಾನು ಮತ್ತಿಕೆರೆ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರದ ಲ್ಯಾಬ್ ಅಟೆಂಡರ್ ಆಗಿದ್ದವಳು. ಗಿಡಗಳ ಲ್ಯಾಟಿನ್ ಹೆಸರು ಕೆಲವು ಮೇಷ್ಟ್ರುಗಳಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು, ಸಂಬಳ ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಿವೃತ್ತಳಾದ ವರ್ಷ ಒಂದು ಮದುವೆಯಲ್ಲಿ ಕೃಷ್ಣಪ್ಪ ಎನ್ನುವವರ ಪರಿಚಯವಾಯಿತು. ಬಾಗಲೂರು ಕಡೆಯ ಹಳೆಯ ಒಕ್ಕಲು ಮನೆತನದವರು, ಈಗ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಹೊಲದಲ್ಲಿದ್ದ ಬಂಡೆಯನ್ನು ಹಿಂದೆ ಕ್ವಾರಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆ ಮುಗಿದಾಗ ವಾಪಸು ಸಿಕ್ಕಿದ್ದು ಎಂಬತ್ತು ಅಡಿ ಆಳದ ಗುಂಡಿ, ಅದರ ದಡದಲ್ಲಿ ಕಲ್ಲಿನ ಚೂರು ಸುರಿದು ಮಾಡಿದ ಎರಡು ಗುಡ್ಡೆ. "ಅಲ್ಲಿ ಗರಿಕೆ ಕೂಡ ಹುಟ್ಟಲ್ಲ ಮೇಡಂ" ಅಂದರು. "ನಾನು ಹುಟ್ಟಿಸ್ತೀನಿ" ಎಂದೆ. ಹೋಳಿಗೆ ತಿಂದ ಬಾಯಲ್ಲಿ ಆಡಿದ ಆ ಒಂದು ಮಾತಿಗೆ ನಾಲ್ಕು ವರ್ಷ ಬಿಸಿಲಲ್ಲಿ ಬೆಂದಿದ್ದೇನೆ.

ಕೃಷ್ಣಪ್ಪನವರು ನಮಗೆ ಬಿಟ್ಟುಕೊಟ್ಟದ್ದು ಚಿಕ್ಕ ಗುಡ್ಡೆಯ ಅರ್ಧ ಎಕರೆ. ನಮಗೆ ಎಂದರೆ ನನಗೆ ಮತ್ತು ಪಿಳ್ಳಮ್ಮನಿಗೆ. ಪಿಳ್ಳಮ್ಮ ಅದೇ ಕ್ವಾರಿಯಲ್ಲಿ ಇಪ್ಪತ್ತು ವರ್ಷ ಜಲ್ಲಿ ಒಡೆದವಳು. ಕೆಲಸ ನಿಂತ ಮೇಲೂ ಅಲ್ಲಿನ ತಗಡಿನ ಶೆಡ್ಡಿನಲ್ಲೇ ಉಳಿದು ಕಾವಲು ಇದ್ದಾಳೆ. ಅವತ್ತು ಮಧ್ಯಾಹ್ನ ಕೃಷ್ಣಪ್ಪನವರು ಅರ್ಧ ಎಕರೆಯನ್ನು ನೋಡಲು ಬರುವವರಿದ್ದರು. ಮನಸ್ಸಿಗೆ ಬಂದರೆ ಮೂರು ಎಕರೆಯ ದೊಡ್ಡ ಗುಡ್ಡೆಯೂ ನಮ್ಮ ಕೈಗೆ. ಬರದಿದ್ದರೆ ಒಬ್ಬ ಕಾಂಟ್ರಾಕ್ಟರ್ ಬಂದು ಎರಡಕ್ಕೂ ಲಾರಿಗಟ್ಟಲೆ ಕೆಮ್ಮಣ್ಣು ಹೊಡೆಸಿ, ಸಾಲಾಗಿ ಅಕೇಶಿಯಾ ನೆಟ್ಟು ಬೇಲಿ ಹಾಕುತ್ತಾನೆ. ಅವನ ಆಳುಗಳು ಬರುತ್ತಾರೆ, ಪಿಳ್ಳಮ್ಮ ಶೆಡ್ಡು ಖಾಲಿ ಮಾಡಬೇಕು. ಇಷ್ಟು ಹೇಳಿಬಿಟ್ಟರೆ ನಾನು ಅಂದು ಯಾಕೆ ಅಷ್ಟು ಸಿಡಿಮಿಡಿಗುಟ್ಟುತ್ತಿದ್ದೆ ಎಂಬುದು ನಿಮಗೆ ಅರ್ಥವಾದೀತು.

ಬಸ್ಸು ಬಂತು. ಹೆಂಗಸರಿಗೆ ಟಿಕೆಟ್ ಉಚಿತ, ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಚೀಟಿ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲ್ಲಿಗೆ ಎಂದು ಕೇಳಿದರು. ಬಾಗಲೂರು ಆಚೆ, ಹಳೇ ಕ್ವಾರಿ ಹತ್ತಿರ ಎಂದೆ.

"ಸೈಟ್ ತಗೊಂಡ್ರಾ? ಎಷ್ಟಕ್ಕೆ ಸಿಕ್ತು?"

"ಸೈಟಲ್ಲ. ಹುಲ್ಲು ನೋಡಕ್ಕೆ ಹೋಗ್ತಿದೀನಿ."

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಹೇಳಕ್ಕೆ ಇಷ್ಟ ಇಲ್ಲಾಂದ್ರೆ ಬಿಡಿ, ಪರವಾಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿ ಕೂತರು. ನಮ್ಮ ಬೆಂಗಳೂರು ಉತ್ತರದಲ್ಲಿ ಒಬ್ಬ ಮನುಷ್ಯ ನೆಲ ನೋಡಲು ಹೋಗುತ್ತಾನೆ ಎಂದರೆ ಅದಕ್ಕೆ ಒಂದೇ ಕಾರಣ.

ಯಲಹಂಕದಲ್ಲಿ ಇಳಿದಾಗ ಎಂಟು ಗಂಟೆ, ಚಳಿ ಇನ್ನೂ ಬಿಟ್ಟಿರಲಿಲ್ಲ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಇಡ್ಲಿ ವಡೆ ತಿಂದು ತಕ್ಷಣ ಎದ್ದಿದ್ದರೆ ಎದುರಿಗೇ ನಿಂತಿದ್ದ ಬಾಗಲೂರು ಬಸ್ಸು ಸಿಗುತ್ತಿತ್ತು. ವಡೆ ಆಗಷ್ಟೇ ಬಾಣಲೆಯಿಂದ ಇಳಿದಿತ್ತು, ಇನ್ನೊಂದು ಹೇಳಿದೆ. ಮೇಲೊಂದು ಕಾಫಿ. ಒಟ್ಟು ಎಪ್ಪತ್ತು ರೂಪಾಯಿ ಕೊಟ್ಟು ಹೊರಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು, ಮುಂದಿನದು ಬರಲು ಮುಕ್ಕಾಲು ಗಂಟೆಯಾಯಿತು. ಆ ಎರಡನೆಯ ವಡೆಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಸ್ಸು ಏರ್‌ಪೋರ್ಟ್ ರಸ್ತೆಗೆ ಸೇರಿ ಬಾಗಲೂರು ಕ್ರಾಸಿನಲ್ಲಿ ಬಲಕ್ಕೆ ಹೊರಳಿತು. ಕಟ್ಟಿಗೇನಹಳ್ಳಿಯ ತನಕ ಅಂಗಡಿ, ಗ್ಯಾರೇಜು, ಪಿಜಿ ಬೋರ್ಡುಗಳು. ಅದರಾಚೆ ಎರಡು ಲೇಔಟುಗಳ ನಡುವೆ ಒಂದೊಂದು ರಾಗಿ ಹೊಲ ಸಿಗಲು ಶುರುವಾಯಿತು. ಕುಯ್ಲಿನ ಕಾಲ. ತಲೆಗೆ ಟವೆಲು ಸುತ್ತಿಕೊಂಡ ಹೆಂಗಸರು ಬಗ್ಗಿ ಕೊಯ್ಯುತ್ತಿದ್ದರು, ಅವರ ನೆತ್ತಿಯ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು, ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಬಾಗಲೂರಿನಲ್ಲಿ ಇಳಿದಾಗ ಹತ್ತೂವರೆ. ಬಿಸಿಲು ಏರಿತ್ತು. ರಸ್ತೆಯ ಬದಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದವರ ಮುಂದೆ ಪಿಳ್ಳಮ್ಮ ಚೌಕಾಸಿ ಮಾಡುತ್ತ ನಿಂತಿದ್ದಳು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಸಕ್ಕರೆ, ಒಂದು ಚಿಪ್ಪು ಬಾಳೆಹಣ್ಣು.

"ಗೌಡ್ರು ಬತ್ತಾರೆ, ಟೀ ಕಾಸ್ದೆ ಕಳ್ಸಕ್ಕಾಯ್ತದಾ ಮೇಡಂ?" ಎಂದಳು. "ಊರೊಳ್ಗಿನ್ ಗೌರಮ್ಮಂಗೆ, ಇನ್ನೂ ನಾಕ್ ಜನಕ್ಕೆ ಏಳಿದ್ದೀನಿ, ಬಂದು ಕೂತ್ಕಳ್ಳಿ ಅಂತ. ಗೌಡ್ರು ಬಂದಾಗ ನಾವಿಬ್ರೇ ಮರದ್ ಮೇಲಿನ್ ಕೋತಿಗಳಂಗೆ ಕಾಣ್ಬಾರ್ದು."

ಆಟೋದವನು ನೂರೈವತ್ತು ಕೇಳಿದ, ಪಿಳ್ಳಮ್ಮ ನೂರಕ್ಕೆ ಇಳಿಸಿದಳು. ಟಾರು ಮುಗಿದ ಮೇಲೆ ಲಾರಿಗಳು ಕೊರೆದ ಹಳ್ಳದ ದಾರಿ. ಇಬ್ಬರೂ ಕಂಬಿ ಹಿಡಿದು ಕೂತೆವು. ದಾರಿಯುದ್ದಕ್ಕೂ ಅವಳು ಹುಲ್ಲಿನ ವಿಷಯವನ್ನೇ ಹೇಳಿದಳು. ಸೊಂಟದ ಮಟ್ಟ ಬೆಳೆದಿದೆ, ತೆನೆ ಒಣಗಿ ಕಪ್ಪಾಗಿದೆ, ಕಾಳು ಇನ್ನೊಂದು ವಾರದಲ್ಲಿ ಉದುರಲು ಶುರುವಾಗುತ್ತದೆ.

ಈ ಹುಲ್ಲಿನ ಕಥೆ ಇಲ್ಲಿ ಹೇಳಬೇಕು. ಮೊದಲ ವರ್ಷ ನಾನು ಓದಿದವಳ ಹಾಗೆ ಜಂಬದಿಂದ ನರ್ಸರಿಯ ಹೊಂಗೆ ಸಸಿ ತಂದು, ಕಲ್ಲಿನ ಚೂರಿನಲ್ಲಿ ಗುಂಡಿ ತೋಡಿಸಿ, ಗೊಬ್ಬರ ಹಾಕಿ ನೆಡಿಸಿದೆ. ಶಿವರಾತ್ರಿಗೆ ಅಷ್ಟೂ ಕಡ್ಡಿಯಾದವು. ಪಿಳ್ಳಮ್ಮ ಮಳೆ ಬಂದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ತಾನು ಜಲ್ಲಿ ಒಡೆಯಲು ಕೂರುತ್ತಿದ್ದ ಜಾಗ ತೋರಿಸಿದಳು. ಚೂರುಗಳ ಸಂದಿಯಲ್ಲಿ ಕಲ್ಲುಪುಡಿ ಇಳಿದು ತೇವ ಹಿಡಿದಿತ್ತು, ಅಲ್ಲಿ ತಾನಾಗಿಯೇ ನಾಲ್ಕು ಬುಡ ಊಬಿನ ಹುಲ್ಲು ಎದ್ದಿತ್ತು. ಈ ಸೀಮೆಯ ಬಂಡೆಗಳ ಮೇಲೆ ಮೊದಲಿಂದಲೂ ಇದ್ದ ಹುಲ್ಲು ಅದು. ಕಾಳಿಗೆ ಉದ್ದನೆಯ ಕಪ್ಪು ಬಾಲ, ಅದೇ ಊಬು, ಸೀರೆಗೆ ಸಿಕ್ಕಿಕೊಂಡರೆ ಬಿಡದು. ಮಳೆಯ ಹನಿ ತಾಗಿದೊಡನೆ ಆ ಬಾಲ ತಿರುಚಿಕೊಂಡು ಕಾಳನ್ನು ಮೊಳೆಯ ಹಾಗೆ ನೆಲಕ್ಕೆ ಇಳಿಸುತ್ತದೆ, ನಾಟಿ ಮಾಡುವವರೇ ಬೇಡ. ಅವತ್ತಿನಿಂದ ನಾವು ಅವಳ ದಾರಿ ಹಿಡಿದೆವು. ಇಳಿಜಾರಿಗೆ ಅಡ್ಡವಾಗಿ ಚೂರುಗಲ್ಲಿನ ಗೇಣೆತ್ತರದ ಕಟ್ಟೆಗಳು, ಕಟ್ಟೆಯ ಹಿಂದೆ ಹುಲ್ಲಿನ ಕಾಳು, ಅಲ್ಲಲ್ಲಿ ತಂಗಡಿ, ಬಂದರೆ, ಕಾರೆಯಂಥ ಕುರುಚಲು ಗಿಡ. ಇಂಥ ಹುಲ್ಲಿನ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ದೊಡ್ಡ ಗುಡ್ಡೆಗೆ ಬೇಕಾದ ಬೀಜವೆಲ್ಲ ಆ ಅರ್ಧ ಎಕರೆಯ ತೆನೆಯಲ್ಲೇ ಇತ್ತು.

ಆಟೋ ನಿಂತಿತು. ಪಿಳ್ಳಮ್ಮ ಇಳಿದು ಎರಡು ಹೆಜ್ಜೆ ಹಾಕಿ ನಿಂತುಬಿಟ್ಟಳು. ಚಿಕ್ಕ ಗುಡ್ಡೆ ಬೋಳಾಗಿತ್ತು.

ಒಂದೇ ಒಂದು ಎಸಳು ಹುಲ್ಲು ನಿಂತಿರಲಿಲ್ಲ. ತಂಗಡಿ, ಬಂದರೆ ಗಿಡಗಳನ್ನು ಮಾತ್ರ ಬಿಟ್ಟು, ಅವುಗಳ ಬುಡಕ್ಕೆ ದುಂಡಗೆ ಕಲ್ಲಿಟ್ಟು, ಉಳಿದ ಜಾಗವನ್ನು ಗುಡಿಸಿದ ಅಂಗಳದಂತೆ ಮಾಡಿದ್ದರು. ಶೆಡ್ಡಿನ ನೆರಳಲ್ಲಿ ಐದು ಜನ ಹೆಂಗಸರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಅವರಲ್ಲಿ ಹಿರಿಯಳಾದ ಗೌರಮ್ಮ ಎದ್ದು ಬಂದು, ಹಬ್ಬದ ಮನೆ ತೋರಿಸುವವಳಂತೆ ಕೈ ಚಾಚಿದಳು.

"ಅಸನು ಮಾಡ್ಬುಟ್ವಿ ಕಣಕ್ಕ! ಎಂಟ್ ಗಂಟೆಗೆ ಬಂದ್ವಿ, ನೀನಾಗ್ಲೇ ಬಾಗಲೂರ್ಗೆ ಒಂಟೋಗಿದ್ದೆ. ಸುಮ್ಕೆ ಕೂರಾದೆಂಗೆ? ನೀನು ನಮ್ ರಾಗಿ ಒಲದಲ್ಲಿ ಐದ್ ದಿನ ಕಳೆ ಕಿತ್ತಿದ್ದೆ, ಇವತ್ತು ಮುಯ್ಯಿ ತೀರ್ತು."

ಮುಯ್ಯಾಳು ಈ ಕಡೆಯ ಹಳೆಯ ಪದ್ಧತಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತಿಲ್ಲ. ಪಿಳ್ಳಮ್ಮನಿಗೆ ಹೊಲವಿಲ್ಲ, ಹಾಗಾಗಿ ಅವಳ ಕೆಲಸ ಅವರ ಮೇಲೆ ಹಾಗೇ ಉಳಿದಿತ್ತು. ಅದನ್ನು ಪ್ರೀತಿಯಿಂದ ಹಿಂದಿರುಗಿಸಿದ್ದರು. ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಆ ಕ್ಷಣದಲ್ಲಿ ನಾನು ಬಾಯಿಗೆ ಬಂದಂತೆ ಕೂಗಾಡಿದೆ. "ತಲೆ ಇದೆಯೇನ್ರೀ ನಿಮಗೆ? ನಾಲ್ಕು ವರ್ಷದ ಕೆಲಸ! ಯಾರನ್ನ ಕೇಳಿ ಕೊಯ್ದ್ರಿ?"

ಗೌರಮ್ಮನ ಮುಖ ಇಳಿದುಹೋಯಿತು. "ಇಂಗ್ಯಾಕ್ ಬೈತೀರಮ್ಮ? ಸೊಂಟದುದ್ದ ಕಳೆ ಮಡಿಕ್ಕಂಡು ಗೌಡ್ರಿಗೆ ಮೊಕ ತೋರ್ಸಾದೆಂಗೆ? ಭೂಮಿನ ಬೀಳು ಬಿಟ್ಟವ್ಳೆ, ಸೋಮಾರಿ ಅನ್ನಲ್ವಾ ಇವ್ಳನ್ನ?"

ಒಕ್ಕಲುತನದಲ್ಲಿ ಹುಟ್ಟಿದ ಕೈಗೆ ಸಾಲಿನ ನಡುವೆ ನಿಂತ ಹುಲ್ಲು ಎಂದರೆ ಕಳೆ, ಕಳೆ ಎಂದರೆ ಅವಮಾನ. ಆ ಹುಲ್ಲನ್ನು ಬೇಕೆಂದೇ ಬೆಳೆಸಿದ್ದೇವೆ ಎಂದು ನಾಲ್ಕು ವರ್ಷದಲ್ಲಿ ಒಂದು ಸಲವೂ ನಾನು ಇವರಿಗೆ ಹೇಳಿರಲಿಲ್ಲ. ಲಕೋಟೆಗಳ ಮೇಲೆ ಲ್ಯಾಟಿನ್ ಹೆಸರು ಬರೆಯಲು ಮಾತ್ರ ನನಗೆ ಪುರುಸೊತ್ತು ಸಿಕ್ಕಿತ್ತು. ಕಲ್ಲಿನ ಮೇಲೆ ಕೂತೆ. ಅಳು ಬರುವುದೊಂದು ಬಾಕಿ.

ಪಿಳ್ಳಮ್ಮ ಹಾಲಿನ ಪ್ಯಾಕೆಟ್ಟನ್ನು ನನ್ನ ಕೈಗೆ ಕೊಟ್ಟು ಗುಡ್ಡೆ ಹತ್ತಿದಳು. ಒಂದು ಕಡೆ ಕುಕ್ಕರುಗಾಲಲ್ಲಿ ಕೂತು ಕೊಯ್ದ ಬುಡವನ್ನು ಬೆರಳಲ್ಲಿ ಸವರಿದಳು. ಮತ್ತೆ ನಾಲ್ಕು ಹೆಜ್ಜೆ ಮೇಲೆ ಹೋಗಿ ಇನ್ನೊಂದನ್ನು ಸವರಿದಳು. ಆಮೇಲೆ ಅಲ್ಲಿಂದಲೇ ಕೂಗಿ ಕೇಳಿದಳು.

"ಗೌರಕ್ಕ, ಕಳೇನ ಕೀಳಾದು ತಾನೆ? ಇದ್ಯಾಕೆ ಕುಯ್ದಿದ್ದೀರ?"

"ಕಿತ್ರೆ ಬಂದ್ರೆ ತಾನೆ!" ಗೌರಮ್ಮ ಸಿಟ್ಟಿನಲ್ಲೇ ಅಂಗೈ ತೋರಿಸಿದಳು, ಬೊಬ್ಬೆ ಎದ್ದಿತ್ತು. "ಇಬ್ಬಿಬ್ರು ಸೇರಿ ಎಳುದ್ವಿ. ಬೇರು ಕಲ್ಲ ಕಚ್ಕಂಡವೆ. ಸಾಕಾಗಿ ಆಮೇಲೆ ಕುಡ್ಲು ಆಕಿದ್ವಿ."

ಪಿಳ್ಳಮ್ಮ ನಗತೊಡಗಿದಳು. ನನಗೆ ಇವಳಿಗೆಲ್ಲೋ ತಲೆ ಕೆಟ್ಟಿತು ಅನ್ನಿಸಿತು. ಹತ್ತಿರ ಹೋಗಿ ಭೂತಗನ್ನಡಿ ಹಿಡಿದು ನೋಡಿದೆ. ಒಣಗಿದ ಕೂಳೆಯ ನಡುವೆ, ನೆಲಕ್ಕೆ ಅಂಟಿದಂತೆ, ಹಸಿರು ಮೊಳಕೆಗಳು ಬಿಗಿಯಾಗಿ ಕೂತಿದ್ದವು. ಹುಲ್ಲಿಗೆ ಏನೂ ಆಗಿರಲಿಲ್ಲ. ಕುಡುಗೋಲು ಅದಕ್ಕೆ ಹೊಸದೇನಲ್ಲ, ದನ ಮೇಯ್ದರೂ ಬೆಂಕಿ ಬಿದ್ದರೂ ಮತ್ತೆ ಚಿಗುರುವ ಜಾತಿ. ಅದು ನನಗೆ ಪುಸ್ತಕದಿಂದ ಗೊತ್ತಿತ್ತು, ಆದರೆ ಕಣ್ಣೆದುರು ಬೋಳು ಗುಡ್ಡೆ ಕಂಡಾಗ ಪುಸ್ತಕ ಯಾರಿಗೆ ನೆನಪಾಗುತ್ತದೆ?

"ಕುಯ್ದಿದ್ದು ಎಲ್ಲಿ ಮಡಗಿದ್ದೀರ?" ಪಿಳ್ಳಮ್ಮ ಕೇಳಿದಳು. ಕಳೆ ತೆಗೆದವರು ಹುಲ್ಲನ್ನು ಹೊರೆ ಕಟ್ಟಿ ಮನೆಯ ದನಕ್ಕೆ ಒಯ್ಯುವುದು ವಾಡಿಕೆ. ಶೆಡ್ಡಿನ ಹಿಂದೆ ಹನ್ನೊಂದು ಹೊರೆ ಇದ್ದವು. ಹನ್ನೆರಡನೆಯದನ್ನು ಅವರಲ್ಲೊಬ್ಬಳು ಆಗಲೇ ಮನೆಗೆ ಸಾಗಿಸಿ ಹಸುವಿನ ಮುಂದೆ ಹಾಕಿ ಬಂದಿದ್ದಳು.

"ಉಲ್ಲು ನಿಮ್ದೇ, ಕಾಳು ಮಾತ್ರ ನಂದು" ಎಂದಳು ಪಿಳ್ಳಮ್ಮ. "ರಾಗಿ ಬಡ್ದಂಗೆ ಬಡ್ದು ಕೊಟ್ಬುಡಿ."

ಗೌರಮ್ಮ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಇನ್ನೂ ನೋವಿತ್ತು. ನಾನು ಅವಳ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಗೌರಮ್ಮ. ಹೇಳ್ದೇ ಇದ್ದಿದ್ದು ನಾನು, ಬೈಸ್ಕೊಂಡಿದ್ದು ನೀವು" ಎಂದೆ. "ಓಗ್ಲಿ ಬುಡಿ, ಓದ್ದೋರು ಅಂಗೇಯ" ಎಂದು ಸೆರಗು ಸಿಕ್ಕಿಸಿಕೊಂಡಳು.

ಕ್ವಾರಿಯವರು ಬಿಟ್ಟು ಹೋದ ಒಂದು ಚಪ್ಪಟೆ ಬಂಡೆ ಅಲ್ಲೇ ಇತ್ತು. ಅದನ್ನು ಗುಡಿಸಿ ಕಣ ಮಾಡಿದರು. ಹೊರೆ ಬಿಚ್ಚಿ ಕೋಲಿನಿಂದ ಬಡಿದರು. ಕಾಳು ಬಿಡಿಬಿಡಿಯಾಗಿ ಬೀಳಲಿಲ್ಲ, ಬಾಲಕ್ಕೆ ಬಾಲ ಸುತ್ತಿಕೊಂಡು ಗೂಡುಗಳಂತೆ ಬಿದ್ದವು. ನಾನು ಒಬ್ಬಳೇ ಲಕೋಟೆ ಹಿಡಿದು ಕಿತ್ತಿದ್ದರೆ ತಿಂಗಳೊಪ್ಪತ್ತು ಹಿಡಿಯುತ್ತಿದ್ದ ಕೆಲಸ, ಅರ್ಧದಷ್ಟು ಕಾಳು ಅಷ್ಟರೊಳಗೆ ಗಾಳಿಗೆ ಹೋಗಿರುತ್ತಿತ್ತು. ಇವರು ಎರಡೂವರೆ ಗಂಟೆಯಲ್ಲಿ ಮೂರು ಗೊಬ್ಬರದ ಚೀಲ ತುಂಬಿಸಿದರು. ಹನ್ನೆರಡನೆಯ ಹೊರೆಯೂ ವಾಪಸು ಬಂತು. ಬಾಯಿಗೆ ಚುಚ್ಚಿದ್ದಕ್ಕೆ ಹಸು ಅದನ್ನು ಮೂಸಿ ದೂರ ತಳ್ಳಿತ್ತಂತೆ. ಊಟಕ್ಕೆ ಪಿಳ್ಳಮ್ಮನ ಮುದ್ದೆ, ಅವರೆಕಾಳಿನ ಸಾರು. ಏಳು ಜನ ಒಬ್ಬರ ಸೀರೆಯಿಂದ ಒಬ್ಬರು ಊಬು ಕೀಳುತ್ತ ಉಂಡೆವು. ಯಲಹಂಕದ ವಡೆಗೆ ಇದರ ಮುಂದೆ ಏನೂ ಬೆಲೆಯಿಲ್ಲ.

ಮೂರು ಗಂಟೆಗೆ ಬಿಳಿ ಕಾರು ಬಂತು. ಕೃಷ್ಣಪ್ಪನವರು ಇಳಿದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗುಡ್ಡೆ ನೋಡಿದರು.

"ಏನ್ ಮೇಡಂ ಇದು? ನೀವು ಕಳ್ಸಿದ್ ಫೋಟೋದಲ್ಲಿ ಸೊಂಟದುದ್ದ ಇತ್ತಲ್ಲ? ಇಲ್ಲೇನೂ ಇಲ್ವಲ್ಲ!"

ಚಿಗುರು, ಬುಡ, ಬೇಸಿಗೆ, ಜೂನ್ ತಿಂಗಳು ಎಂದು ನಾನು ಪಾಠ ಶುರು ಮಾಡಿದೆ. ಅವರ ಮುಖದಲ್ಲಿ ಹಿಂದಿನ ಬೆಂಚಿನ ಹುಡುಗರ ಮುಖದ ಕಳೆ ಬರತೊಡಗಿತು. ಅಷ್ಟರಲ್ಲಿ ಪಿಳ್ಳಮ್ಮ ಟೀ ಲೋಟ ಹಿಡಿದು ಮುಂದೆ ಬಂದಳು.

"ಗೌಡ್ರೇ, ಒಂದ್ ಬುಡ ಕೀಳಿ."

"ಯಾಕೆ?"

"ಸುಮ್ಕೆ ಕೀಳಿ. ಒಕ್ಲು ಮಕ್ಕಳಲ್ವಾ ನೀವು?"

ಆ ಮಾತು ತಾಗಬೇಕಾದ ಕಡೆ ತಾಗಿತು. ಕೃಷ್ಣಪ್ಪನವರು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, ಪ್ಯಾಂಟು ಮೇಲೆಳೆದು ಕೂತು, ಒಂದು ಬುಡಕ್ಕೆ ಕೈ ಹಾಕಿ ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿದರು. ಕೂಳೆ ಮುರಿದು ಕೈಗೆ ಬಂತು, ಬುಡ ಅಲ್ಲೇ ಇತ್ತು. ಮೇಲಿನದಕ್ಕೆ ಹೋದರು, ಅದೂ ಅಷ್ಟೇ. ಮೂರನೆಯದನ್ನು ಕಾಲು ಒತ್ತಿ ಎಳೆಯಲು ಹೋಗಿ ಹಿಂದಕ್ಕೆ ಕೂತುಬಿಟ್ಟರು. ಗೌರಮ್ಮನ ಕಡೆಯವರು ಸೆರಗು ಬಾಯಿಗಿಟ್ಟುಕೊಂಡರು. ಕೃಷ್ಣಪ್ಪನವರು ಏಳಲಿಲ್ಲ, ಕೂತಲ್ಲೇ ಕಲ್ಲಿನ ಕಟ್ಟೆಯ ಹಿಂದೆ ಸೇರಿದ್ದ ಮಣ್ಣನ್ನು ಹಿಡಿಯಲ್ಲಿ ತೆಗೆದು ನೋಡಿದರು. ನಾಲ್ಕು ವರ್ಷದ ಹಿಂದೆ ಅಲ್ಲಿ ಬರೀ ಚೂರುಗಲ್ಲಿತ್ತು.

"ಈ ಮಣ್ಣು ಎಲ್ಲಿಂದ ತಂದ್ರಿ?"

"ತರ್ಲಿಲ್ಲ. ಗಾಳಿ ತಂದಿದ್ದು, ಮಳೆ ತಂದಿದ್ದು. ಉಲ್ಲು ಇಡ್ಕಂಡೈತೆ" ಎಂದಳು ಪಿಳ್ಳಮ್ಮ. ಆಮೇಲೆ ದೊಡ್ಡ ಗುಡ್ಡೆಯ ಕಡೆ ಕೈ ತೋರಿಸಿದಳು. ಈ ಸಲದ ಮಳೆ ಅದನ್ನು ಮೇಲಿಂದ ಕೆಳತನಕ ಸೀಳಿತ್ತು, ಕಲ್ಲುಪುಡಿಯೆಲ್ಲ ಗುಂಡಿಯ ನೀರಿಗೆ ಇಳಿದು ದಡದಲ್ಲಿ ಬೂದಿಬಣ್ಣದ ಕೆಸರಾಗಿತ್ತು. "ಅಲ್ಲಿಗೆ ನೀವು ಕೆಮ್ಮಣ್ಣು ಒಡ್ಸಿದ್ರೂ ಅಷ್ಟೇಯ. ಮೊದಲ್ನೇ ಮಳೆಗೆ ಗುಂಡಿ ಪಾಲು. ಇಡ್ಕಳಕ್ಕೆ ಯಾರವ್ರೆ ಅಲ್ಲಿ?"

ಕೃಷ್ಣಪ್ಪನವರು ಹಿಡಿಯಲ್ಲಿದ್ದ ಮಣ್ಣನ್ನು ಕಟ್ಟೆಯ ಹಿಂದಕ್ಕೇ ಸುರಿದರು. "ಬಂಡೆ ಒಡೆಯೋಕ್ ಮುಂಚೆ ಇಲ್ಲಿ ಇದೇ ಹುಲ್ಲಿತ್ತು ಮೇಡಂ" ಎಂದರು. "ಎಮ್ಮೆ ಮೇಯಿಸಕ್ಕೆ ಬರ್ತಿದ್ದೆ. ಚಡ್ಡಿ ತುಂಬ ಊಬು ಅಂಟಿಸ್ಕೊಂಡು ಹೋಗಿ ನಮ್ಮವ್ವನ ಹತ್ರ ಬೈಸ್ಕೊತಿದ್ದೆ. ಇದು ಇತ್ತು ಅನ್ನೋದೇ ಮರ್ತೋಗಿತ್ತು ನೋಡಿ."

ಎದ್ದು ಫೋನ್ ತೆಗೆದರು. ಕಾಂಟ್ರಾಕ್ಟರಿಗೆ ಎಂದು ಮಾತಿನಲ್ಲೇ ಗೊತ್ತಾಯಿತು. "ಗುರು, ಮಣ್ಣು ಬೇಡ, ಬಿಟ್ಬಿಡು... ಇಲ್ಲ ಗುರು, ರೇಟ್ ವಿಷಯ ಅಲ್ಲ... ಯಾರಿಗೂ ಕೊಟ್ಟಿಲ್ಲ ಕಣಪ್ಪ, ನಮ್ಮ ಪಿಳ್ಳಮ್ಮನೇ ನೋಡ್ಕೋತಾಳೆ."

ನಾನು ಪಿಳ್ಳಮ್ಮನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು, ಅಷ್ಟು ಜನರ ಮುಂದೆ ಅದು ಚೆನ್ನಾಗಿರುತ್ತಿರಲಿಲ್ಲ. ಬೀಜದ ಚೀಲಗಳನ್ನು ಶೆಡ್ಡಿನೊಳಗೆ ಸಾಗಿಸಿ, ಬೇವಿನ ಸೊಪ್ಪು ಹಾಕಿ ಬಾಯಿ ಕಟ್ಟಿದೆವು. ಈ ಕಾಳು ಐದಾರು ತಿಂಗಳು ಮಲಗಿ ಎದ್ದರೇನೇ ಮೊಳೆಯುವುದು, ಬಿತ್ತನೆ ಬೇಸಿಗೆಯ ಮೊದಲ ಮಳೆಗೆ. ಅಷ್ಟರೊಳಗೆ ದೊಡ್ಡ ಗುಡ್ಡೆಗೆ ಅಡ್ಡಕಟ್ಟೆ ಹಾಕಬೇಕು. ರಾಗಿ ಕುಯ್ಲು ಮುಗಿಯುತ್ತಲೇ ಬರುತ್ತೇವೆ ಎಂದು ಗೌರಮ್ಮನವರು ತಾವಾಗಿಯೇ ಹೇಳಿ, ಕಾಳು ಉದುರಿದ ಹೊರೆಗಳನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ಇಳಿದುಹೋದರು.

ಐದು ಗಂಟೆಗೆ ಕೃಷ್ಣಪ್ಪನವರು ನನ್ನನ್ನು ಬಾಗಲೂರಿನ ತನಕ ಕಾರಿನಲ್ಲಿ ಬಿಡುತ್ತೇನೆ ಎಂದರು. ಹತ್ತಿ ಕೂತೆ. ಬಿಸಿಲು ಇಳಿದಿತ್ತು, ಗುಂಡಿಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಪಿಳ್ಳಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೃಷ್ಣಪ್ಪನವರು ಗಾಜು ಇಳಿಸಿ ದೊಡ್ಡ ಗುಡ್ಡೆಯ ಕಡೆ ಬೆರಳು ತೋರಿಸಿದರು.

"ನೋಡು ಪಿಳ್ಳಮ್ಮ, ಆ ಗುಡ್ಡೆ ಮೇಲೆ ಹುಲ್ಲೆದ್ದ ವರ್ಷ ಮತ್ತೆ ಬಂದು ಎಳೀತೀನಿ. ಅಲ್ಲಿ ಕಿತ್ಕೊಂಡು ಬಂತೋ, ನಿಂಗೆ ಐತೆ."

"ಬನ್ನಿ ಗೌಡ್ರೇ" ಎಂದಳು ಪಿಳ್ಳಮ್ಮ. "ಬರೋವಾಗ ಇಬ್ರು ಆಳ್ನೂ ಕರ್ಕಂಡ್ ಬನ್ನಿ."